ಹಾರಿಸುವುದೋ, ಉರುಳಿಸುವುದೋ

ಯಾರಾದರೂ ಕೆನ್ನೆ ಹಿಡಿದುಕೊಂಡು ಬಂದು "ಡಾಕ್ಟ್ರೇ, ಈ ಹಲ್ಲು ಕಿತ್ತುಬಿಡಿ" ಎಂದರೆ ಹಲ್ಲಿನ ಡಾಕ್ಟರು ಮೊದಲು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಆಮೇಲೆ ಕೈ ತೊಳೆಯುತ್ತಿದ್ದರು. ಕುರ್ಚಿ ಹಿಂದಕ್ಕೆ ಬಾಗಿಸಿ, ದೀಪ ಹತ್ತಿರಕ್ಕೆಳೆದು, ಪುಟ್ಟ ಕನ್ನಡಿಯನ್ನು ಬಾಯೊಳಗೆ ಇಳಿಸಿ, ಆ ಹಲ್ಲಿನ ಹುಟ್ಟು, ಬೆಳವಣಿಗೆ, ನೆರೆಹೊರೆ ಎಲ್ಲವನ್ನೂ ವಿಚಾರಿಸಿ, ಕೊನೆಗೆ "ಕೀಳೋದು ಎಲ್ಲಿಗೆ ಓಡಿಹೋಗುತ್ತೆ? ಮೊದಲು ತೊಳೆದು ನೋಡೋಣ" ಎನ್ನುತ್ತಿದ್ದರು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಬಾರದು ಎಂಬುದು ಅವರ ವೃತ್ತಿಧರ್ಮ. ಅವರ ಕೈಯಲ್ಲಿ ಹಲ್ಲು ಉಳಿಸಿಕೊಂಡವರು ಬೀದಿಗೊಬ್ಬರಾದರೂ ಇದ್ದರು. ತಾಳ್ಮೆಯ ಮನುಷ್ಯ, ಹೆಜ್ಜೆ ಇಡುವ ಮುಂಚೆ ನೆಲ ನೋಡುವವರು ಎಂದು ಎಲ್ಲರೂ ಹೇಳುತ್ತಿದ್ದರು.

ಇಂಥವರು ಭಾನುವಾರ ಬೆಳಿಗ್ಗೆ ಗಾಲ್ಫ್ ಮೈದಾನಕ್ಕೆ ಕಾಲಿಟ್ಟರೆ ಮಾತ್ರ ಮೈಮೇಲೆ ಬಂದವರ ಹಾಗೆ ಆಡುತ್ತಿದ್ದರು.

ಮೈದಾನದ ತುಂಬ ಅಲ್ಲ. ದೂರದ ಹೊಡೆತಗಳಲ್ಲಿ ಅವರು ಸಭ್ಯರೇ. ಚೆಂಡು ಎಲ್ಲಿ ಹೋಗಬೇಕೋ ಸುಮಾರಾಗಿ ಅಲ್ಲಿಗೇ ಹೋಗುತ್ತಿತ್ತು. ತೊಂದರೆಯೆಲ್ಲ ಕೊನೆಯ ಒಂದು ಜಾಗದ್ದು. ಚೆಂಡು ಬೀಳಬೇಕಾದ ಕುಳಿಯ ಸುತ್ತ ರತ್ನಗಂಬಳಿಯ ಹಾಗೆ ನುಣ್ಣಗೆ ಕತ್ತರಿಸಿದ ಹುಲ್ಲಿರುತ್ತದಲ್ಲ, ಅದನ್ನು ಗ್ರೀನ್ ಅನ್ನುತ್ತಾರೆ. ಚೆಂಡು ಆ ಗ್ರೀನಿನ ಒಳಗೆ ಬಿದ್ದರೆ ಪಟರ್ ಎಂಬ ಚಪ್ಪಟೆ ಮೂತಿಯ ಕೋಲಿನಿಂದ ಉರುಳಿಸಬೇಕು, ಅದರಲ್ಲಿ ಯೋಚನೆ ಮಾಡುವುದೇನೂ ಇಲ್ಲ. ಚೆಂಡು ಗ್ರೀನಿನಿಂದ ನಾಲ್ಕು ಗೇಣು ಹೊರಗೆ ನಿಂತುಬಿಟ್ಟರೆ ಮಾತ್ರ ಆಡುವವನು ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಅಲ್ಲಿಂದಲೂ ಪಟರಿನಿಂದಲೇ ಉರುಳಿಸಬಹುದು. ಇಲ್ಲವೇ ನಡುವಿನ ಕೋಲೊಂದನ್ನು ಹಿಡಿದು, ಚೆಂಡನ್ನು ಒಂದಿಷ್ಟೇ ನೆಗೆಸಿ ಮಿಕ್ಕಿದ್ದನ್ನು ಓಡಲು ಬಿಡಬಹುದು. ಅದೂ ಬೇಡವೆಂದರೆ ವೆಜ್ ಎಂಬ, ಮುಖ ಆಕಾಶಕ್ಕೆ ತಿರುಗಿಸಿಕೊಂಡ ಕೋಲು ಹಿಡಿದು, ಚೆಂಡನ್ನು ಎತ್ತರಕ್ಕೆ ಹಾರಿಸಿ ಕುಳಿಯ ಪಕ್ಕದಲ್ಲಿ ಮೆತ್ತಗೆ ಇಳಿಸಬಹುದು. ಮೊದಲನೆಯದು ಮಗುವಿಗೂ ಬರುತ್ತದೆ. ಕೊನೆಯದು ನುರಿತವರಿಗೂ ದಿನವೂ ಬರುವುದಿಲ್ಲ.

ಡಾಕ್ಟರು ಯಾವಾಗಲೂ ಕೊನೆಯದನ್ನೇ ಆರಿಸುತ್ತಿದ್ದರು.

ಅದಕ್ಕೊಂದು ಕಾರಣವಿತ್ತು. ಬಹಳ ವರ್ಷಗಳ ಹಿಂದೆ, ಕ್ಲಬ್ಬಿನ ಜಗಲಿಯ ತುಂಬ ಜನ ಟೀ ಕುಡಿಯುತ್ತ ಕೂತಿದ್ದ ಒಂದು ಬೆಳಿಗ್ಗೆ, ಅವರು ಹಾರಿಸಿದ ಚೆಂಡು ತೆಂಗಿನಮರದೆತ್ತರಕ್ಕೆ ಹೋಗಿ, ಒಂದು ಗಳಿಗೆ ಅಲ್ಲೇ ನಿಂತು ಆಲೋಚಿಸಿದಂತೆ ಮಾಡಿ, ಹಕ್ಕಿಯ ಗರಿಯ ಹಾಗೆ ಕುಳಿಯ ಬಾಯಿಗೆ ಬಂದು ಇಳಿದಿತ್ತು. ಜಗಲಿಯಲ್ಲಿದ್ದವರು ಲೋಟ ಕೆಳಗಿಟ್ಟು ಚಪ್ಪಾಳೆ ತಟ್ಟಿದ್ದರು. ಹಲ್ಲಿನ ಡಾಕ್ಟರಿಗೆ ಯಾರು ಚಪ್ಪಾಳೆ ತಟ್ಟುತ್ತಾರೆ? ಎಷ್ಟೇ ಅದ್ಭುತವಾಗಿ ಕೆಲಸ ಮಾಡಿದರೂ ರೋಗಿ ಮರಗಟ್ಟಿದ ಬಾಯಿಂದ ಎಂಜಲು ಒರೆಸಿಕೊಂಡು ಹೋಗುತ್ತಾನೆ. ಆ ಒಂದು ಚಪ್ಪಾಳೆ ಅವರನ್ನು ಕೆಡಿಸಿತು. ಅಂದಿನಿಂದ ಅವರ ವೆಜ್ಜಿಗೆ ಸಿಕ್ಕ ಚೆಂಡುಗಳು ಗ್ರೀನ್ ದಾಟಿ ಪೊದೆಗೆ ಹೋದವು, ಆಡುವವರನ್ನು ಕಾಡಲೆಂದೇ ತೋಡಿಟ್ಟ ಮರಳುಗುಂಡಿಗೆ ಹೋದವು, ಒಮ್ಮೆ ಒಂದು ಚೆಂಡು ಕ್ಲಬ್ಬಿನ ಅಡುಗೆಮನೆಯ ಕಿಟಕಿಯೊಳಗೂ ಹೋಗಿಬಂತು. ಪ್ರತಿ ಸಲವೂ ಅವರು ಕೋಲಿನ ಮುಖವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ "ಗಾಳಿ" ಎನ್ನುತ್ತಿದ್ದರು. ಕುಣಿಯಲಾರದವಳಿಗೆ ನೆಲ ಡೊಂಕು.

ಇದನ್ನು ಹೆಚ್ಚು ಆನಂದದಿಂದ ನೋಡುತ್ತಿದ್ದವರು ಅವರ ಷಡ್ಡಕ. ವೃತ್ತಿಯಿಂದ ಲಾಯರು. ಅಕ್ಕತಂಗಿಯರನ್ನು ಮದುವೆಯಾದ ಇಬ್ಬರು ಗಂಡಸರು ಒಬ್ಬರನ್ನೊಬ್ಬರು ಅಳೆದುಕೊಳ್ಳುವುದು ಲೋಕರೂಢಿ. ಇವರಿಬ್ಬರು ಮನೆ, ಕಾರು, ಮಕ್ಕಳ ಓದು ಎಲ್ಲದರಲ್ಲೂ ಸರಿಸಮವಾಗಿ ಅಳೆದುಕೊಂಡು, ಬೇರೇನೂ ಉಳಿಯದೆ ಗಾಲ್ಫಿಗೆ ಬಂದಿದ್ದರು. "ಡಾಕ್ಟ್ರೇ, ನಿಮ್ಮ ಚೆಂಡಿಗೆ ವೀಸಾ ಮಾಡಿಸಿದೀರಾ? ಗಡಿ ದಾಟೋ ಹಾಗಿದೆ" ಎಂದು ಲಾಯರು ಕೇಳಿದರೆ, ಡಾಕ್ಟರು ಹಲ್ಲು ಕಚ್ಚಿಕೊಳ್ಳುತ್ತಿದ್ದರು. ಹಾಗೆ ಹಲ್ಲು ಕಚ್ಚಬಾರದೆಂದು ರೋಗಿಗಳಿಗೆ ದಿನವೂ ಹೇಳುವವರು ಅವರೇ.

ಡಾಕ್ಟರ ಹೆಂಡತಿ ಗಾಲ್ಫಿಗೆ ಬಂದದ್ದು ತಡವಾಗಿ. ಆಕೆಗೆ ವಿಮಾನ ನಿಲ್ದಾಣದಲ್ಲಿ ಕೆಲಸ. ಗಾಜಿನ ಗೋಪುರದ ಮೇಲೆ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಯಾವ ವಿಮಾನ ಯಾವಾಗ ಇಳಿಯಬೇಕು, ಯಾವುದು ಇನ್ನೊಂದು ಸುತ್ತು ಹೊಡೆಯಬೇಕು ಎಂದು ಹೇಳುವ ಕೆಲಸ. ಕ್ಲಬ್ಬಿನವರು ಆಕೆಯನ್ನು 'ಟವರ್ ಮೇಡಂ' ಎನ್ನುತ್ತಿದ್ದರು. ವಾರವಿಡೀ ಪಾಳಿ, ಭಾನುವಾರ ಗಂಡ ಮೈದಾನದ ಪಾಲು. "ಮದುವೆ ಆಗಿರೋದು ನನ್ನನ್ನೋ ಹುಲ್ಲನ್ನೋ ನೋಡೇಬಿಡ್ತೀನಿ" ಎಂದು ಒಂದು ದಿನ ಬೂಟು ಹಾಕಿಕೊಂಡು ಬಂದವಳು ಮತ್ತೆ ಬಿಡಲಿಲ್ಲ.

ಆಕೆಯ ಆಟದಲ್ಲಿ ನೋಡುವಂಥದ್ದೇನೂ ಇರಲಿಲ್ಲ. ದೂರ ಹೊಡೆಯುವ ಬಲವಿಲ್ಲ, ನೇರ ಹೊಡೆಯುತ್ತಿದ್ದಳು. ಗ್ರೀನಿನ ಹತ್ತಿರ ಬಂದರೆ, ಎಲ್ಲಿಂದಾದರೂ ಸರಿ, ಪಟರ್ ತೆಗೆದು ಉರುಳಿಸಿಬಿಡುತ್ತಿದ್ದಳು. ಚೆಂಡು ಹುಲ್ಲಿನ ಮೇಲೆ ಕುಂಟುತ್ತ, ತೆವಳುತ್ತ, ಮುಜುಗರಪಡುತ್ತ ಹೋಗಿ ಕುಳಿಯ ಹತ್ತಿರ ಕೂರುತ್ತಿತ್ತು.

"ಏನೇ ಇದು, ಕೋಣೆ ಗುಡಿಸೋ ಹಾಗೆ!" ಎಂದರು ಡಾಕ್ಟರು ಮೊದಲ ಸಲ.

"ದಿನವೆಲ್ಲ ಹಾರೋದನ್ನ ಕೆಳಗಿಳಿಸಿ ಇಳಿಸಿ ನನಗೆ ಸಾಕಾಗಿರುತ್ತೆ ಕಣ್ರೀ. ನೆಲ ಇರೋ ಕಡೆ ಆಕಾಶ ಯಾಕೆ ಬೇಕು?" ಎಂದಳು ಆಕೆ.

ಲಾಯರು ಅಂದಿನಿಂದ ದಂಪತಿಗೆ 'ವಿಮಾನಯಾನ ಮತ್ತು ರಸ್ತೆ ಸಾರಿಗೆ' ಎಂದು ಹೆಸರಿಟ್ಟರು. ವಿಮಾನ ಇಳಿಸುವವಳು ರಸ್ತೆ ಸಾರಿಗೆ, ಹಲ್ಲು ತೊಳೆಯುವವರು ವಿಮಾನಯಾನ.

ಪ್ರತಿ ಭಾನುವಾರ ಆಕೆ ಹೇಳುತ್ತಿದ್ದಳು. ಮೊದಲು ಚೆಂಡು ಹೇಗೆ ಕೂತಿದೆ ನೋಡಿ. ಆಮೇಲೆ ಅದಕ್ಕೂ ಕುಳಿಗೂ ನಡುವೆ ಏನಿದೆ ನೋಡಿ. ಏನೂ ಇಲ್ಲದಿದ್ದರೆ ಉರುಳಿಸಿ. ಏನಾದರೂ ಇದ್ದರೆ ಅಷ್ಟನ್ನು ಮಾತ್ರ ದಾಟಿಸಿ. ಪೂರ್ತಿ ಹಾರಿಸುವುದು ಬೇರೆ ದಾರಿಯೇ ಇಲ್ಲದಾಗ. ಡಾಕ್ಟರು "ಹೂಂ, ಹೂಂ" ಎನ್ನುತ್ತಲೇ ವೆಜ್ ತೆಗೆಯುತ್ತಿದ್ದರು.

ಹೀಗಿರುವಾಗ ಕ್ಲಬ್ಬಿನ ದಂಪತಿಗಳ ಪಂದ್ಯ ಬಂತು. ಗಂಡಹೆಂಡತಿಗೆ ಸೇರಿ ಒಂದೇ ಚೆಂಡು. ಒಂದು ಹೊಡೆತ ಅವನದು, ಮುಂದಿನದು ಅವಳದು. ಒಬ್ಬರು ಮಾಡಿದ ಎಡವಟ್ಟನ್ನು ಇನ್ನೊಬ್ಬರು ಸರಿಪಡಿಸಬೇಕಾದ ಆಟವಾದ್ದರಿಂದ, ಅದನ್ನು ಕಂಡುಹಿಡಿದವನು ಸಂಸಾರಸ್ಥನೇ ಇರಬೇಕು. ಅನೇಕ ಜೋಡಿಗಳು ಮೊದಲ ಸುತ್ತಿನಲ್ಲಿ ಸೋತು, ಮಾತು ಬಿಟ್ಟು, ಬೇರೆ ಬೇರೆ ಕಾರಿನಲ್ಲಿ ಮನೆಗೆ ಹೋದರು. ಫೈನಲ್ಲಿಗೆ ಉಳಿದವರು ಡಾಕ್ಟರ ಜೋಡಿ ಮತ್ತು ಲಾಯರ ಜೋಡಿ. ಲಾಯರ ಹೆಂಡತಿ, ಎಂದರೆ ಟವರ್ ಮೇಡಂ ಅವರ ಅಕ್ಕ, ಮಾತು ಕಡಿಮೆಯವಳು. ಆ ಮನೆಯಲ್ಲಿ ಮಾತಿನ ಪಾಲನ್ನೆಲ್ಲ ಗಂಡನೇ ತೆಗೆದುಕೊಂಡಿದ್ದರು.

ಕೊನೆಯ ಗ್ರೀನಿಗೆ ಬರುವ ಹೊತ್ತಿಗೆ ಎರಡು ಜೋಡಿಯೂ ಸಮ. ಲಾಯರ ಜೋಡಿ ತಮ್ಮ ಚೆಂಡನ್ನು ಕುಳಿಗೆ ಹಾಕಿ ಮುಗಿಸಿತ್ತು. ಡಾಕ್ಟರ ಜೋಡಿಯ ಚೆಂಡು ಗ್ರೀನಿನಿಂದ ಒಂದು ಮಾರು ಹೊರಗೆ, ಒಳ್ಳೆಯ ಹುಲ್ಲಿನ ಮೇಲೆ, ತಟ್ಟೆಯಲ್ಲಿಟ್ಟ ಹಾಗೆ ಕೂತಿತ್ತು. ಹೊಡೆತ ಡಾಕ್ಟರದು. ಹತ್ತಿರ ಇಟ್ಟರೆ ಸಾಕು, ಹೆಂಡತಿ ಒಳಗೆ ಹಾಕುತ್ತಾಳೆ, ಪಂದ್ಯ ಸಮವಾಗಿ, ತೀರ್ಮಾನಕ್ಕೆಂದು ಇನ್ನೊಂದು ಕುಳಿ ಹೆಚ್ಚಿಗೆ ಆಡಿಸುತ್ತಾರೆ. ನೇರ ಒಳಗೇ ಹೋದರೆ ಗೆಲುವು. ನಡುವೆ ಗುಂಡಿಯಿಲ್ಲ, ದಿಬ್ಬವಿಲ್ಲ. ಎದುರಿಗೆ ಜಗಲಿ. ಜಗಲಿಯ ತುಂಬ ಜನ.

"ಉರುಳಿಸಿ" ಎಂದಳು ಹೆಂಡತಿ, ತುಟಿ ಅಲ್ಲಾಡಿಸದೆ.

"ನೋಡ್ತೀನಿ."

"ನೋಡೋದೇನಿದೆ? ರನ್‌ವೇ ಖಾಲಿ ಇದೆ."

"ಎಲ್ಲರೂ ನೋಡ್ತಿದಾರೆ ಕಣೇ. ಫೈನಲ್‌ನಲ್ಲಿ ಬಂದು ಪಟರ್ ಹಿಡಿದ್ರೆ ಏನಂದ್ಕೋತಾರೆ?"

"ಪಟರ್ ಹಿಡಿದ ಅಂದ್ಕೋತಾರೆ."

ಡಾಕ್ಟರು ವೆಜ್ ತೆಗೆದರು. ಲಾಯರು ಕೈಕಟ್ಟಿ ನಿಂತರು, ಮುಖದಲ್ಲಿ ಆಗಲೇ ತೀರ್ಪು ಬಂದ ಕಳೆ. ಡಾಕ್ಟರು ಚೆಂಡನ್ನು ನೋಡಿದರು, ಆಕಾಶವನ್ನು ನೋಡಿದರು, ಕೋಲನ್ನು ನಿಧಾನವಾಗಿ ಹಿಂದಕ್ಕೆ ತಂದು, ಹೊಡೆಯುವ ಕ್ಷಣಕ್ಕೆ ಸರಿಯಾಗಿ ಕಣ್ಣೆತ್ತಿ ಜಗಲಿಯನ್ನು ನೋಡಿದರು.

ಕೋಲಿನ ಅಂಚು ಚೆಂಡಿನ ಹೊಟ್ಟೆಗೆ ತಗುಲಿತು. ಹಾರಬೇಕಾದ ಚೆಂಡು ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ನೆಲ ಕಚ್ಚಿಕೊಂಡು ಓಡಿತು. ಅದರ ವೇಗ ನೋಡಿದರೆ ಗ್ರೀನ್ ದಾಟಿ, ರಸ್ತೆ ದಾಟಿ, ಪಕ್ಕದ ಬಡಾವಣೆಗೆ ಹೋಗುವಂತಿತ್ತು. ಅಷ್ಟರಲ್ಲಿ ಕುಳಿಯಲ್ಲಿ ಗುರುತಿಗೆ ನೆಟ್ಟಿದ್ದ ಬಾವುಟದ ಕೋಲು ಅಡ್ಡ ಬಂತು. ಠಣ್ ಎಂದು ಬಡಿದು, ಚೆಂಡು ಮೇಲಕ್ಕೆ ಚಿಮ್ಮಿ, ನೇರ ಕೆಳಗೆ, ಕುಳಿಯೊಳಗೆ ಬಿತ್ತು.

ಜಗಲಿ ಎದ್ದು ನಿಂತಿತು. ಡಾಕ್ಟರ ಕೈ ತಾನಾಗಿ ಮೇಲೆದ್ದು ಕೋಲನ್ನು ಗಾಳಿಯಲ್ಲಿ ಆಡಿಸಿತು. ಕ್ಲಬ್ಬಿನ ಕಾರ್ಯದರ್ಶಿ, ನಿವೃತ್ತ ಬ್ಯಾಂಕ್ ಮ್ಯಾನೇಜರು, ಓಡಿಬಂದು ತಬ್ಬಿಕೊಂಡರು. ಲಾಯರು ನಿಧಾನವಾಗಿ ಹತ್ತಿರ ಬಂದರು.

"ಬೇಕಂತಲೇ ಹಾಗೆ ಕೆಳಗೆ ಹೊಡೆದಿರಾ, ಡಾಕ್ಟ್ರೇ?"

"ಮತ್ತೆ?" ಎಂದರು ಡಾಕ್ಟರು.

ಒಂದೇ ಪದ. ಅದನ್ನು ಸುಳ್ಳು ಎಂದು ಯಾವ ನ್ಯಾಯಾಲಯವೂ ಸಾಬೀತು ಮಾಡಲಾರದು, ಅದು ಪ್ರಶ್ನೆ. ಆದರೆ ಹೆಂಡತಿ ಪಕ್ಕದಲ್ಲೇ ಇದ್ದಳು. ಯಾವುದು ಇಳಿದದ್ದು, ಯಾವುದು ಬಿದ್ದದ್ದು ಎಂದು ಗುರುತಿಸುವುದೇ ಆಕೆಯ ಉದ್ಯೋಗ.

ಕಾರಿನಲ್ಲಿ ಬರುವಾಗ ಗೆದ್ದ ಬೆಳ್ಳಿಬಣ್ಣದ ಟ್ರೋಫಿ ಆಕೆಯ ತೊಡೆಯ ಮೇಲಿತ್ತು. ತಿರುವಿನಲ್ಲಿ ಉರುಳದಿರಲೆಂದು ಆಕೆ ಅದನ್ನೂ ಸೇರಿಸಿ ಸೀಟಿನ ಬೆಲ್ಟು ಹಾಕಿಕೊಂಡಿದ್ದಳು.

"ಯಾಕೆ ಸುಮ್ಮನಿದೀಯ?" ಎಂದರು ಡಾಕ್ಟರು.

"ಏನಿಲ್ಲ. ನಮ್ಮಲ್ಲಿ ಹಾಗೆ ಇಳಿದ್ರೆ ಯಾರೂ ಚಪ್ಪಾಳೆ ತಟ್ಟಲ್ಲ. ವಿಚಾರಣೆ ಕೂರಿಸ್ತಾರೆ."

ಡಾಕ್ಟರು ರಸ್ತೆ ನೋಡಿಕೊಂಡು ಕಾರು ಓಡಿಸಿದರು. ಆಮೇಲೆ ಮನೆಯವರೆಗೂ ಇಬ್ಬರೂ ನಕ್ಕರು. ಡಾಕ್ಟರು ಸ್ವಲ್ಪ ಕಡಿಮೆ ನಕ್ಕರು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಎರಡು ವಾರದ ಮೇಲೆ ಕಾರ್ಯದರ್ಶಿ ಕ್ಲಿನಿಕ್ಕಿಗೇ ಬಂದು, ಹಲ್ಲು ನೋವೇನೂ ಇಲ್ಲದೆ ಕುರ್ಚಿಯ ಮೇಲೆ ಕೂತರು.

"ಕ್ಲಬ್ಬಿಗೆ ಹೊಸಬರು ಬಂದಿದಾರೆ ಡಾಕ್ಟ್ರೇ. ನೀವೊಂದು ಪಾಠ ಮಾಡಬೇಕು. ಗ್ರೀನಿನ ಅಂಚಿಂದ ಸರಿಯಾದ ಹೊಡೆತ ಆರಿಸೋದು ಹೇಗೆ ಅಂತ. ಆವತ್ತಿನದು ನೋಡಿದ ಮೇಲೆ ಬೇರೆ ಯಾರನ್ನೂ ಕೇಳೋಕೆ ಮನಸ್ಸು ಬರಲಿಲ್ಲ."

ಡಾಕ್ಟರು ಕನ್ನಡಕ ಒರೆಸಿಕೊಂಡರು. ಕೈ ತೊಳೆದರು. ಆದರೆ ಕಾರ್ಯದರ್ಶಿ ಎದ್ದು ಹೋಗಲಿಲ್ಲ. "ಬೋರ್ಡಿಗೆ ಆಗಲೇ ಹಾಕಿಸಿಬಿಟ್ಟಿದೀನಿ" ಎಂದರು.

ಮುಂದಿನ ದಿನಗಳು ಡಾಕ್ಟರಿಗೆ ಕಷ್ಟದವು. ಆವತ್ತಿನ ಹೊಡೆತವನ್ನು ಇನ್ನೊಮ್ಮೆ ಮಾಡಿ ತೋರಿಸಿ ಎಂದರೆ ಏನು ಗತಿ? ಮನೆಯ ಹಿತ್ತಿಲಲ್ಲಿ, ಬಕೆಟ್ಟನ್ನು ಕುಳಿ ಎಂದು ಭಾವಿಸಿ, ಸಂಜೆಯೆಲ್ಲ ವೆಜ್ ಬೀಸಿದರು. ಚೆಂಡು ಬಟ್ಟೆ ಒಣಹಾಕುವ ತಂತಿಗೆ ಹೋಯಿತು, ನೀರಿನ ತೊಟ್ಟಿಗೆ ಹೋಯಿತು, ಪಕ್ಕದ ಮನೆಯವರ ಗೋಡೆಗೆ ಹೋಗಿ ಅಲ್ಲಿಂದ ಬೈಗುಳದ ಜೊತೆ ವಾಪಸು ಬಂತು. ಬಕೆಟ್ಟು ಮಾತ್ರ ಖಾಲಿ. ಹೆಂಡತಿ ಅಡುಗೆಮನೆಯ ಕಿಟಕಿಯಿಂದ ಆಗಾಗ ಇಣುಕಿ ನೋಡಿದಳು.

ಪಾಠದ ಬೆಳಿಗ್ಗೆ ಹೊಸಬರಿಗಿಂತ ಹಳಬರೇ ಹೆಚ್ಚು ಸೇರಿದ್ದರು. ಮುಂದಿನ ಸಾಲಿನಲ್ಲಿ ಲಾಯರು ಮಡಿಸುವ ಕುರ್ಚಿ ತಂದು ಹಾಕಿಕೊಂಡು ಕೂತಿದ್ದರು. ಹೆಂಡತಿ ಹಿಂದೆ ಮರದ ನೆರಳಲ್ಲಿ ಅಕ್ಕನ ಜೊತೆ ನಿಂತಿದ್ದಳು. ಡಾಕ್ಟರು ಚೆಂಡನ್ನು ಗ್ರೀನಿನ ಹೊರಗಿಟ್ಟು ಚೀಲಕ್ಕೆ ಕೈ ಹಾಕಿದರು. ಕೈಗೆ ವೆಜ್ ತಾಗಿತು. ಎದುರಿಗಿದ್ದ ಮುಖಗಳನ್ನು ನೋಡಿದರು. ಕ್ಲಿನಿಕ್ಕಿನಲ್ಲಿ ಬಾಯಿ ತೆರೆದು ಕೂತವರ ಮುಖಗಳ ಹಾಗೇ ಇದ್ದವು. ನಂಬಿಕೆ, ಒಂದಿಷ್ಟು ಭಯ. ಅದನ್ನು ಕಂಡದ್ದೇ ಅವರ ನಾಲಿಗೆ ತಾನಾಗಿ ಭಾನುವಾರ ಬಿಟ್ಟು ಸೋಮವಾರಕ್ಕೆ ಬಂತು.

"ಹಲ್ಲು ನೋವು ಅಂತ ಬಂದವರಿಗೆ ನಾನು ಮೊದಲೇ ಇಕ್ಕಳ ಹಿಡೀತೀನಾ?" ಎಂದರು.

"ಇಲ್ಲ" ಎಂದು ಇಬ್ಬರು ಮೂವರು ಕೂಗಿದರು. ಅವರು ರೋಗಿಗಳು.

"ಇಲ್ಲೂ ಅಷ್ಟೇ. ಮೊದಲು ಚೆಂಡು ಹೇಗೆ ಕೂತಿದೆ ನೋಡಿ. ಹುಲ್ಲಿನ ಮೇಲೆ ಕೂತಿದೆಯೋ, ಹುಲ್ಲೊಳಗೆ ಮಲಗಿದೆಯೋ? ಆಮೇಲೆ ಅದಕ್ಕೂ ಕುಳಿಗೂ ನಡುವೆ ಏನಿದೆ ನೋಡಿ. ಏನೂ ಇಲ್ಲವಾ? ಉರುಳಿಸಿ. ಒಂದಿಷ್ಟು ಒರಟು ಹುಲ್ಲಿದೆಯಾ? ಅಷ್ಟನ್ನು ಮಾತ್ರ ದಾಟಿಸಿ, ಮಿಕ್ಕಿದ್ದನ್ನ ಓಡೋಕೆ ಬಿಡಿ. ಹಾರಿಸೋದು ಬೇರೆ ದಾರಿ ಇಲ್ಲದಾಗ ಮಾತ್ರ. ನೆಲ ಇರೋ ಕಡೆ ಆಕಾಶ ಯಾಕೆ ಬೇಕು?"

ಎಂಥ ಮಾತು! ಹೊಸಬರಲ್ಲಿ ಕೆಲವರು ಮೊಬೈಲಿನಲ್ಲಿ ಬರೆದುಕೊಂಡರು. ಡಾಕ್ಟರು ವೆಜ್ ಬಿಟ್ಟು ಪಟರ್ ತೆಗೆದು, ಮಾತಿನ ಕಾವಿನಲ್ಲೇ ಚೆಂಡಿಗೆ ತಟ್ಟಿದರು. ಅದು ಸದ್ದಿಲ್ಲದೆ ಹೋಗಿ ಕುಳಿಯ ಪಕ್ಕ ನಿಂತಿತು. ಇನ್ನೊಂದು ಇಟ್ಟರು, ಅದೂ ಹಾಗೇ. ಡಾಕ್ಟರಿಗೇ ಆಶ್ಚರ್ಯ. ಇಷ್ಟು ಸುಲಭವೇ ಇದು? ಇದನ್ನು ಯಾರೂ ಯಾಕೆ ಹೇಳಲಿಲ್ಲ?

ಆಗ ಲಾಯರು ಎದ್ದು ನಿಂತರು. ಪಾಟೀಸವಾಲು ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು.

"ಒಂದು ಸಂದೇಹ ಗುರುಗಳೇ. ಫೈನಲ್ಲಿನ ದಿನ ಮಧ್ಯೆ ಏನೂ ಇರಲಿಲ್ಲ. ಆದರೂ ತಾವು ಹಾರಿಸೋ ಕೋಲನ್ನೇ ಹಿಡಿದಿರಿ. ಯಾಕೆ?"

ಡಾಕ್ಟರು ಹೆಂಡತಿಯ ಕಡೆ ನೋಡಿದರು. ಆಕೆ ಸೆರಗಿನ ತುದಿಯನ್ನು ನೋಡುತ್ತಿದ್ದಳು. ನಿಜ ಹೇಳಿಬಿಡುವುದೇ ವಾಸಿ ಎನಿಸಿತು ಅವರಿಗೆ.

"ಹಾರಿತೇನ್ರೀ ಅದು?" ಎಂದರು. "ಹಾರಲೇ ಇಲ್ಲವಲ್ಲ. ನೆಲ ಹಿಡಿದೇ ಹೋಯ್ತು. ಕೈತಪ್ಪಿ ಆದದ್ದು."

ಹಿಂದಿನಿಂದ ಯಾರೋ ನಕ್ಕರು. ನಗು ಹರಡಿತು. "ನೋಡಿ, ಹಾರಿಸೋ ಕೋಲಲ್ಲೇ ಉರುಳಿಸಿದ್ದು! ಎಲ್ಲರನ್ನೂ ಹೇಗೆ ಏಮಾರಿಸಿದರು!" ಎಂದರು ಕಾರ್ಯದರ್ಶಿ. "ಅಷ್ಟು ಮಾಡಿಯೂ ಕೈತಪ್ಪಿ ಅಂತಾರಲ್ಲ, ಅದು ದೊಡ್ಡತನ" ಎಂದರು ಇನ್ನೊಬ್ಬರು. ಡಾಕ್ಟರು "ಅಲ್ಲ, ನಿಜವಾಗ್ಲೂ..." ಎಂದು ಎರಡು ಸಲ ಬಾಯಿ ತೆರೆದರು. ನಿಜ ಹೇಳಿದಷ್ಟೂ ಅವರ ವಿನಯದ ಖ್ಯಾತಿ ಏರಿತು. ಕೊನೆಗೆ ಬಿಟ್ಟುಬಿಟ್ಟರು. ಲಾಯರೊಬ್ಬರು ಮಾತ್ರ ನಗಲಿಲ್ಲ. ಕುರ್ಚಿ ಮಡಿಸಿಕೊಂಡು, ಏನೋ ಯೋಚಿಸುತ್ತ ಹೋದರು.

"ಭಾಷಣ ಚೆನ್ನಾಗಿತ್ತು" ಎಂದಳು ಹೆಂಡತಿ, ಕಾರಿನ ಹತ್ತಿರ. "ಎಲ್ಲೋ ಕೇಳಿದ ಹಾಗಿತ್ತು."

"ಎಲ್ಲಿ?"

"ನಮ್ಮನೇಲಿ."

ಡಾಕ್ಟರು ಕೀಲಿಗಾಗಿ ಎಲ್ಲ ಜೇಬುಗಳನ್ನೂ ಹುಡುಕಿದರು. ಕೀಲಿ ಕೈಯಲ್ಲೇ ಇತ್ತು. ಹೆಂಡತಿ ನಗುತ್ತ, "ಇಷ್ಟು ವರ್ಷ ನಿಮಗೆ ಕಿವಿ ಕೇಳಿಸಲ್ಲ ಅಂದ್ಕೊಂಡಿದ್ದೆ ಕಣ್ರೀ. ಒಂದಕ್ಷರ ಬಿಟ್ಟಿಲ್ಲ ನೀವು. ಕಿವುಡಾಗಿದ್ದು ಬರೀ ಕೈ" ಎಂದಳು. ಆಕೆಯ ದನಿಯಲ್ಲಿ ಬೈಗುಳ ಇರಲಿಲ್ಲ. ಮದುವೆಯಾಗಿ ಇಷ್ಟು ವರ್ಷದ ಮೇಲೆ, ತನ್ನ ಮಾತು ಅಷ್ಟೂ ಅಲ್ಲಿ ಒಳಗೆ ಜೋಡಿಸಿಟ್ಟಿದೆ ಎಂದು ತಿಳಿದರೆ ಯಾವ ಹೆಂಡತಿಗೆ ತಾನೇ ಬೈಯಲು ಮನಸ್ಸು ಬರುತ್ತದೆ?

ಪಾಠದ ಫಲ ಬೇಗ ಕಾಣಿಸಿತು. ಕ್ಲಬ್ಬಿನ ಹೊಸಬರು ಹಳಬರೆನ್ನದೆ ಎಲ್ಲರೂ ಉರುಳಿಸತೊಡಗಿದರು. ಗ್ರೀನಿನ ಅಂಚಿಗೆ ಬಂದವರು ನಿಂತು, ಬಗ್ಗಿ, "ನಡುವೆ ಏನಿದೆ?" ಎಂದು ಮಂತ್ರದ ಹಾಗೆ ಗೊಣಗಿಕೊಂಡು ಪಟರ್ ತೆಗೆಯುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಲಾಭ ಮಾಡಿಕೊಂಡವರು ಲಾಯರು. ಭಾನುವಾರ ಭಾನುವಾರ ಡಾಕ್ಟರನ್ನು ಸೋಲಿಸಿ, "ಎಲ್ಲ ತಮ್ಮ ಆಶೀರ್ವಾದ ಗುರುಗಳೇ" ಎಂದು ಕೈಮುಗಿಯುತ್ತಿದ್ದರು. ಗುರುವಿಗೇ ತಿರುಮಂತ್ರ ಹಾಕುವ ಶಿಷ್ಯನನ್ನು ಬೈಯುವ ಹಾಗೂ ಇಲ್ಲ, ಹೊಗಳುವ ಹಾಗೂ ಇಲ್ಲ. ಡಾಕ್ಟರೂ ಈಗ ಪಟರನ್ನೇ ಹಿಡಿಯುತ್ತಿದ್ದರು, ಬೇರೆ ಹಿಡಿದರೆ ನಾಲ್ಕು ಜನ ತಿರುಗಿ ನೋಡುತ್ತಿದ್ದರಲ್ಲ! ವೆಜ್ ಚೀಲದ ತಳದಲ್ಲಿ ಮುಖ ಕೆಳಗೆ ಮಾಡಿಕೊಂಡು ಬಿದ್ದಿತ್ತು.

ಮರುವರ್ಷ ಮತ್ತೆ ದಂಪತಿಗಳ ಪಂದ್ಯ, ಮತ್ತೆ ಫೈನಲ್ಲಿಗೆ ಅದೇ ಎರಡು ಜೋಡಿ, ಕೊನೆಯ ಕುಳಿಗೆ ಬಂದಾಗ ಮತ್ತೆ ಸಮ. ಆದರೆ ಈ ಸಲ ಡಾಕ್ಟರ ಜೋಡಿಯ ಚೆಂಡು ಗ್ರೀನಿನ ಇನ್ನೊಂದು ಬದಿಗೆ ಹೋಗಿ ನಿಂತಿತ್ತು. ಚೆಂಡಿಗೂ ಬಾವುಟಕ್ಕೂ ನಟ್ಟನಡುವೆ ಮರಳುಗುಂಡಿ, ಬಾಯಿ ತೆರೆದುಕೊಂಡು. ಲಾಯರ ಜೋಡಿಯ ಚೆಂಡು ಆಗಲೇ ಗ್ರೀನಿನ ಮೇಲೆ ಕೂತಿತ್ತು. ಹೊಡೆತ ಡಾಕ್ಟರದು.

"ಹಾರಿಸಿ" ಎಂದಳು ಹೆಂಡತಿ.

ಡಾಕ್ಟರು ತಾನು ಸರಿಯಾಗಿ ಕೇಳಿಸಿಕೊಂಡೆನೇ ಎಂದು ಆಕೆಯ ಮುಖ ನೋಡಿದರು.

"ಏನಂದೆ?"

"ಹಾರಿಸಿ ಅಂದೆ. ಮಧ್ಯ ಗುಂಡಿ ಕಾಣ್ತಿಲ್ವಾ? ಬೇರೆ ದಾರಿ ಇಲ್ಲ. ವೆಜ್ ತಗೊಳ್ಳಿ."

ಜೀವಮಾನವಿಡೀ ಯಾವ ಮಾತಿಗೆ ಹಂಬಲಿಸಿದ್ದರೋ ಆ ಮಾತು ಹೆಂಡತಿಯ ಬಾಯಲ್ಲೇ ಬಂದಿತ್ತು. ಡಾಕ್ಟರ ಕೈ ಚೀಲದ ತಳಕ್ಕೆ ಹೋಯಿತು. ಅಷ್ಟರಲ್ಲಿ ಜಗಲಿಯಿಂದ ಯಾರೋ ಪಿಸುಗುಟ್ಟಿದ್ದು ಕೇಳಿಸಿತು: "ನೋಡ್ತಿರಿ, ಈಗ ಹೇಗೆ ಉರುಳಿಸ್ತಾರೆ ನೋಡ್ತಿರಿ." ಅವರ ಪಾಠ ಕೇಳಿದವರು ಮುಂದೆ ಬಂದು ಕಟ್ಟೆಗೆ ಒರಗಿ ನಿಂತಿದ್ದರು. ಕಾರ್ಯದರ್ಶಿ ಹೊಸಬನೊಬ್ಬನ ಹೆಗಲ ಮೇಲೆ ಕೈ ಹಾಕಿ ಏನೋ ವಿವರಿಸುತ್ತಿದ್ದರು.

"ಗುಂಡಿಯ ಪಕ್ಕದಲ್ಲಿ ಸಣ್ಣ ದಾರಿ ಇದೆ" ಎಂದರು ಡಾಕ್ಟರು.

"ದಾರಿ ಅಲ್ಲ ಅದು, ಅಂಚು. ಇಳಿಜಾರು ಬೇರೆ ಇದೆ. ಒಳಗೆ ಎಳ್ಕೊಳ್ಳುತ್ತೆ."

"ಉರುಳಿಸಬೇಕು ಅಂತ ನಾನೇ ಹೇಳಿ, ಈಗ ನಾನೇ ಹಾರಿಸಿದ್ರೆ ಇವರೆಲ್ಲ ಏನಂದ್ಕೋತಾರೆ?"

ಹೆಂಡತಿ ಒಮ್ಮೆ ಜಗಲಿಯನ್ನು ನೋಡಿದಳು, ಒಮ್ಮೆ ಗಂಡನನ್ನು ನೋಡಿದಳು. ಇಷ್ಟು ವರ್ಷ ತಾನು ಔಷಧಿ ಕೊಟ್ಟದ್ದು ಬೇರೆಯದೇ ಕಾಯಿಲೆಗೆ ಎಂದು ಆಗ ಆಕೆಗೆ ಹೊಳೆಯಿತು. ಈ ಮನುಷ್ಯನಿಗೆ ವೆಜ್ಜಿನ ಚಟವೂ ಇರಲಿಲ್ಲ, ಪಟರಿನ ಹೇವರಿಕೆಯೂ ಇರಲಿಲ್ಲ. ಕೈಯಲ್ಲಿ ಯಾವ ಕೋಲಿದ್ದರೂ ಅವರು ಆಡುತ್ತಿದ್ದದ್ದು ಜಗಲಿಗೆ.

"ನಿಮ್ಮಿಷ್ಟ" ಎಂದಳು. ಆ ಎರಡು ಪದದ ಅರ್ಥ ತಿಳಿಯದ ಗಂಡಸು ಭೂಮಿಯ ಮೇಲಿಲ್ಲ. ಆದರೂ ಡಾಕ್ಟರು ಪಟರ್ ತೆಗೆದರು.

ಜಗಲಿ ಮೆಚ್ಚುಗೆಯಿಂದ ಉಸಿರೆಳೆದುಕೊಂಡಿತು. ಚೆಂಡು ಹೊರಟಿತು. ಗುಂಡಿಯ ಅಂಚಿನವರೆಗೆ ಬಹಳ ಗಂಭೀರವಾಗಿ ಹೋಯಿತು. ಅಲ್ಲಿ ಸ್ವಲ್ಪ ಓಲಾಡಿ, ಮನಸ್ಸು ಬದಲಾಯಿಸಿ, ಪಕ್ಕಕ್ಕೆ ವಾಲಿ, ಮರಳಿನೊಳಗೆ ಇಳಿದು ಕಣ್ಮರೆಯಾಯಿತು.

ಕಾರ್ಯದರ್ಶಿ ಹೊಸಬನ ಹೆಗಲಿನಿಂದ ಕೈ ತೆಗೆದರು.

ಈಗ ಹೊಡೆತ ಹೆಂಡತಿಯದು. ಮರಳಿನಿಂದ ಉರುಳಿಸಲು ಬ್ರಹ್ಮನಿಗೂ ಆಗುವುದಿಲ್ಲ. ಗ್ರೀನಿನ ಹತ್ತಿರ ಯಾವತ್ತೂ ಚೆಂಡನ್ನು ನೆಲದಿಂದ ಎತ್ತದವಳು ಡಾಕ್ಟರ ಚೀಲದ ತಳಕ್ಕೆ ಕೈ ಹಾಕಿ ವೆಜ್ ಎಳೆದುಕೊಂಡಳು. ಗುಂಡಿಗೆ ಇಳಿದಳು. ಮೇಲಿಂದ ನೋಡುವವರಿಗೆ ಆಕೆಯ ತಲೆ ಮತ್ತು ಹೆಗಲು ಮಾತ್ರ ಕಾಣುತ್ತಿತ್ತು. ಬಾವುಟವನ್ನು ಒಮ್ಮೆ, ಚೆಂಡನ್ನು ಒಮ್ಮೆ ನೋಡಿದಳು. ಜಗಲಿ ಎಂಬುದೊಂದು ಅಲ್ಲಿದೆ ಎನ್ನುವುದೇ ಆಕೆಗೆ ನೆನಪಿದ್ದಂತಿರಲಿಲ್ಲ. ಕೋಲು ಎದ್ದು ಬಿತ್ತು. ಒಂದು ಹಿಡಿ ಮರಳು ಗಾಳಿಗೆ ಹಾರಿತು, ಅದರ ನಡುವಿನಿಂದ ಚೆಂಡು ಬೇರೆಯಾಗಿ, ಎಷ್ಟು ಬೇಕೋ ಅಷ್ಟೇ ಎತ್ತರಕ್ಕೆ ಏರಿ, ಅವಸರವಿಲ್ಲದೆ ಇಳಿದು, ಎರಡು ಸಣ್ಣ ಹೆಜ್ಜೆ ಇಟ್ಟು, ಕುಳಿಯಿಂದ ಒಂದು ಮೊಳದಲ್ಲಿ ನಿಂತಿತು.

ಡಾಕ್ಟರು ಅದನ್ನು ಒಳಗೆ ತಟ್ಟಿದರು. ಆದರೆ ಆ ಹೊತ್ತಿಗೆ ಒಂದು ಹೊಡೆತ ಹೆಚ್ಚಾಗಿತ್ತು. ಅಕ್ಕ, ಬೆಳಗಿನಿಂದ ತುಟಿ ಬಿಚ್ಚದವಳು, ಬಗ್ಗಿ ತಮ್ಮ ಚೆಂಡನ್ನು ಉರುಳಿಸಿದಳು. ಅದು ಕುಳಿಯ ಬಾಯಿಯಲ್ಲಿ ಒಂದು ಸುತ್ತು ಹಾಕಿ ಒಳಗೆ ಬಿತ್ತು. ಟ್ರೋಫಿ ಷಡ್ಡಕರ ಮನೆಗೆ ಹೋಯಿತು.

ಜಗಲಿಯ ಮೂಲೆಯ ಮೇಜಿನಲ್ಲಿ ನಾಲ್ವರೂ ಟೀಗೆ ಕೂತರು. ಲಾಯರು ಗೆದ್ದವರ ಔದಾರ್ಯದಿಂದ ಎಲ್ಲರಿಗೂ ತಾವೇ ಟೀ ಬಗ್ಗಿಸಿದರು.

"ಗುರುಗಳೇ, ಬೇಜಾರು ಮಾಡ್ಕೋಬೇಡಿ. ಸಿದ್ಧಾಂತಕ್ಕೆ ನಿಂತು ಸೋತಿರಿ. ಅದೂ ಒಂದು ಘನತೆಯೇ" ಎಂದರು.

ಅದನ್ನು ಒಪ್ಪಿಕೊಂಡುಬಿಟ್ಟರೆ ಮಾನ ಉಳಿಯುತ್ತಿತ್ತು. ಪಕ್ಕದ ಮೇಜಿನವರೂ ತಲೆಯಾಡಿಸುತ್ತಿದ್ದರು. ಡಾಕ್ಟರು ಲೋಟ ಎತ್ತಿದರು, ಕೆಳಗಿಟ್ಟರು. ಹೆಂಡತಿ ಬೂಟು ಕಳಚಿ ಅದರೊಳಗಿನ ಮರಳನ್ನು ಹೂಕುಂಡಕ್ಕೆ ಸುರಿಯುತ್ತಿದ್ದಳು.

"ಸಿದ್ಧಾಂತ ಅಲ್ಲ ಲಾಯರೇ" ಎಂದರು ಡಾಕ್ಟರು, ಲೋಟದ ಕಡೆ ನೋಡುತ್ತ. "ಅಲ್ಲಿ ಹಾರಿಸಬೇಕಿತ್ತು. ಇವಳು ಹೇಳಿದ್ಲು. ಇವಳು ಹೇಳಿದ್ದೇ ಸರಿ ಇತ್ತು."

ಹೆಂಡತಿಯ ಕೈ ಬೂಟಿನ ಮೇಲೇ ನಿಂತಿತು.

"ಇನ್ನೊಂದು ಸಲ ಹೇಳಿ" ಎಂದಳು.

"ಸರಿ ಇತ್ತು ಅಂದೆ."

"ಸ್ವಲ್ಪ ಜೋರಾಗಿ ಹೇಳ್ರೀ. ಅಕ್ಕನಿಗೆ ಕೇಳಿಸಿಲ್ಲ."

"ಕೇಳಿಸ್ತು ಕಣೇ" ಎಂದಳು ಅಕ್ಕ. ತಂಗಿಯ ತಟ್ಟೆಗೆ ಬಿಸ್ಕತ್ತು ಇಟ್ಟು, ತನ್ನ ಗಂಡನ ಕಡೆ ತಿರುಗಿ, "ನಿಮಗೂ ಕೇಳಿಸ್ತಾ?" ಎಂದು ಕೇಳಿದಳು.

ಟೀ ಬಿಸಿಯಿತ್ತು, ಲಾಯರು ಊದಿಕೊಂಡು ಕುಡಿಯತೊಡಗಿದರು.